ಗಂಟೆಗೆ ಎಂಬತ್ತು

ಸಂಜೆ ಐದರೊಳಗೆ ನಾಲ್ಕು ಜನರಲ್ಲಿ ಒಬ್ಬರನ್ನು ಚೀಟಿಯ ಕೊನೆಯ ಸಾಲಿಗೆ ಹಾಕಬೇಕು, ಅಷ್ಟೇ ಕೆಲಸ. ಒಂದು ಹೆಸರು ಬರೆಯೋದಕ್ಕೆ ಎಷ್ಟು ಹೊತ್ತು ಬೇಕು ಅಂತ ಅವನು ಹಲ್ಲುಜ್ಜುವಾಗ ಕೇಳಿಕೊಂಡ, ಅಂಗಿಯ ಗುಂಡಿ ಹಾಕುವಾಗ ಕೇಳಿಕೊಂಡ, ಬಸ್ಸಿನಲ್ಲಿ ಪಕ್ಕದವನ ಮೊಣಕೈ ಎದೆಯ ಜೇಬಿಗೆ ಒತ್ತಿದಾಗಲೂ ಕೇಳಿಕೊಂಡ. ಚೀಟಿ ಆ ಜೇಬಿನಲ್ಲೇ ಇತ್ತು. ನಿನ್ನೆ ಮ್ಯಾನೇಜರ್ ಕೊಟ್ಟಾಗ ಅದರಲ್ಲಿ ನಾಲ್ಕು ಸಾಲು ಗೆರೆ ಹಾಕಿತ್ತು, ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯ ಸಾಲಿನವರು ಸೋಮವಾರದಿಂದ ಒದ್ದೆ ಕೋಣೆಗೆ. ಒದ್ದೆ ಕೋಣೆ ಅಂದರೆ ಒಗೆಯುವ ಯಂತ್ರಗಳ ಕೋಣೆ, ಕಿಟಕಿ ಇಲ್ಲದ್ದು. ಅಲ್ಲಿ ಪಾದ ಮುಳುಗುವ ನೀರಿನಲ್ಲಿ ನಿಂತು ಒದ್ದೆ ಬಟ್ಟೆ ಎಳೆಯಬೇಕು, ಆರು ತಿಂಗಳಿಗೆ ಬೆರಳ ಸಂದು ಬಿಳಿಚಿಕೊಂಡು ಸುಲಿಯುತ್ತೆ, ಏಳನೇ ತಿಂಗಳಿಗೆ ಮನುಷ್ಯ ತಾನಾಗಿಯೇ ಕೆಲಸ ಬಿಡ್ತಾನೆ. ಯಾರನ್ನೂ ತೆಗೆದುಹಾಕಿದ ಹಾಗೆ ಆಗೋದಿಲ್ಲ. ಬೆಳಗ್ಗೆ ಅಮ್ಮ ಬಾಗಿಲವರೆಗೂ ಬಂದು, 'ಇವತ್ತೇ ಅಲ್ವೇನೋ ನಿನ್ನದು ಖಾಯಂ ಆಗೋದು?' ಅಂದಿದ್ದಳು. 'ನೋಡೋಣ' ಅಂದಿದ್ದ. 'ನೋಡೋಣ ಅಂದ್ರೆ ಏನೋ, ಪಕ್ಕದ ಮನೆಯವರಿಗೆ ಹೇಳಿ ಆಯ್ತು' ಅಂದಳು. ಒಳಗಿನಿಂದ ಚಿಕ್ಕಮ್ಮ, 'ನಿಮ್ಮಮ್ಮ ಹೇಳಿ ಆದ್ಮೇಲೆ ಇನ್ನೇನು, ಖಾಯಂ ಆದ ಹಾಗೇನೆ' ಅಂತ ನಕ್ಕಳು. ಅವನಿಗೆ ನಗು ಬರಲಿಲ್ಲ. ಹೌದು, ಇವತ್ತು ಚೀಟಿ ಕೊಟ್ಟರೆ ಅವನು ಖಾಯಂ ಸೂಪರ್‌ವೈಸರ್. ಒಂದು ಹೆಸರು ಕೆಳಗೆ ಹೋದರೆ ಒಂದು ಹೆಸರು ಮೇಲೆ ನಿಲ್ಲುತ್ತೆ. ಇದನ್ನು ಕಂಡುಹಿಡಿದವನ ತಲೆಗೆ ಏನನ್ನಬೇಕು ಅಂತ ಬಸ್ಸಿನ ಕಂಬಿ ಹಿಡಿದುಕೊಂಡೇ ಒಳಗೊಳಗೆ ಬೈದ, ಬೈದ ಮೇಲೆ ಯಾರನ್ನು ಬೈದೆ ಅಂತ ಗೊತ್ತಾಗಲಿಲ್ಲ.

ಮಡಿಸುವ ಕೋಣೆ ಉದ್ದನೆಯದು. ಒಂದು ಗೋಡೆಗೆ ನಾಲ್ಕು ಎತ್ತರದ ಕಿಟಕಿ, ಎದುರು ಗೋಡೆಗೆ ಇಸ್ತ್ರಿಯ ರೋಲರ್, ಅದರ ಬಾಯಿಂದ ಆಸ್ಪತ್ರೆಯ ಶೀಟುಗಳು ಒಂದರ ಹಿಂದೆ ಒಂದು ಬಿಸಿಬಿಸಿಯಾಗಿ ಜಾರಿ ಬೀಳುತ್ತವೆ. ಒಂದು ಶೀಟಿಗೆ ಇಬ್ಬರು. ಒಬ್ಬರು ಕಿಟಕಿಗೆ ಬೆನ್ನು ಹಾಕಿ ನಿಲ್ಲಬೇಕು, ಇನ್ನೊಬ್ಬರು ಕಿಟಕಿಗೆ ಮುಖ ಮಾಡಿ. ಬೆನ್ನು ಹಾಕಿದವರು ತಮ್ಮ ಎರಡು ಮೂಲೆಗಳನ್ನು ತಲೆಯ ಮೇಲೆ ಎತ್ತಿ ಹಿಡಿದರೆ ಬೆಳಕು ಬಟ್ಟೆಯ ಒಳಗಿಂದ ಹಾಯ್ದು ಬರುತ್ತೆ, ಹರಕು, ಕಲೆ, ಸವೆದ ಜಾಗ ಎಲ್ಲ ಎದುರಿನವರಿಗೆ ಕಾಣುತ್ತೆ. ಹರಿದದ್ದು ಹೊಲಿಗೆಯ ಬುಟ್ಟಿಗೆ, ಕಲೆಯದ್ದು ವಾಪಸ್ ನೀರಿಗೆ. ಸರಿ ಇದ್ದರೆ ಉದ್ದಕ್ಕೆ ಎರಡು ಮಡಿಕೆ, ಆಮೇಲೆ ಎದುರಿನವರು ತಮ್ಮ ತುದಿ ಹಿಡಿದು ನಡೆದು ಬಂದು ನಿಂತವರ ಕೈಗೆ ಕೊಡಬೇಕು, ಕೆಳಗೆ ಜೋತ ಮಡಿಕೆ ಹಿಡಿದು ಹಿಂದೆ ಹೋಗಬೇಕು, ಮತ್ತೆ ಬರಬೇಕು. ಹಾಗಾಗಿ ಅಲ್ಲಿ ಎರಡೇ ಜಾತಿಯ ಜನ, ನಿಲ್ಲೋರು ಮತ್ತು ನಡೆಯೋರು. ವಯಸ್ಸಾದವರು ನಿಲ್ಲೋರು, ಚಿಕ್ಕವರು ನಡೆಯೋರು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಟ್ಟದ್ದು ಒಂದೇ, ರೋಲರಿನ ಮೇಲಿನ ಗೋಡೆಯಲ್ಲಿ, ಕೆಂಪು ಬಣ್ಣದಲ್ಲಿ, ಗಂಟೆಗೆ ಎಂಬತ್ತು.

ಆ ಎಂಬತ್ತು ಅವನದು. ಮೂರು ತಿಂಗಳ ಹಿಂದಿನವರೆಗೆ ಅವನೂ ಇದೇ ಕೋಣೆಯಲ್ಲಿ ನಡೆಯೋನು. ಎದುರಿಗೆ ನಿಲ್ಲುತ್ತಿದ್ದವಳು ದೊಡ್ಡಕ್ಕ, ಐವತ್ತು ದಾಟಿದವಳು, ಮಂಡಿ ನೋವಿನವಳು. ಶೀಟಿನ ಮೂಲೆ ಹೇಗೆ ಹಿಡಿಯಬೇಕು ಅಂತ ಅವನ ಹೆಬ್ಬೆರಳನ್ನು ಹಿಡಿದು ತಿರುಗಿಸಿ ತೋರಿಸಿಕೊಟ್ಟವಳು ಅವಳೇ. ಆಗ 'ಲೋ' ಅನ್ನುತ್ತಿದ್ದಳು, ಈಗ 'ಸಾರ್' ಅನ್ನುತ್ತಾಳೆ. ಆ ಸಾರ್ ಒಂದು ಅಕ್ಷರದಷ್ಟು ತಡವಾಗಿ ಬರುತ್ತೆ, ಯಾವುದೋ ಬೀಗಕ್ಕೆ ಯಾವುದೋ ಕೀಲಿ ಹಾಕಿ ತಿರುಗಿಸಿದ ಹಾಗೆ. ಅವನ ಜಾಗಕ್ಕೆ ಬಂದವಳನ್ನು ಎಲ್ಲರೂ ಹೊಸಬಳು ಅನ್ನುತ್ತಾರೆ. ಎರಡನೇ ಜೋಡಿಯಲ್ಲಿ ನಿಲ್ಲೋನು ಭಾವ. ಭಾವನ ಹೆಂಡತಿಯ ತಮ್ಮ ಇಲ್ಲಿ ಕೆಲಸಕ್ಕಿದ್ದ, ಭಾವ ಅಂತ ಕರೀತಿದ್ದ, ಆ ತಮ್ಮ ಕೆಲಸ ಬಿಟ್ಟು ಹೋದರೂ ಭಾವ ಇಡೀ ಲಾಂಡ್ರಿಗೆ ಭಾವನಾಗಿ ಉಳಿದ. ಅವನೆದುರು ನಡೆಯೋನು ಕಂಬ, ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಉದ್ದ. ದೊಡ್ಡಕ್ಕ ಮತ್ತು ಹೊಸಬಳ ಲೆಕ್ಕ ಗಂಟೆಗೆ ಅರವತ್ತೈದು, ಭಾವ ಮತ್ತು ಕಂಬನದು ಅರವತ್ತಾರು. ಮೂರು ತಿಂಗಳಲ್ಲಿ ಒಂದು ದಿನವೂ ಎಪ್ಪತ್ತಕ್ಕೆ ಏರಲಿಲ್ಲ, ಒಂದು ದಿನವೂ ಅರವತ್ತಕ್ಕೆ ಇಳಿಯಲಿಲ್ಲ. ಬೈಯೋಣ ಅಂದರೆ ತಪ್ಪು ಸಿಗಲ್ಲ, ಹೊಗಳೋಣ ಅಂದರೆ ನಾಲಿಗೆ ಏಳಲ್ಲ. ಅವರನ್ನು ನೋಡಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಬೇಗ ಬರೋದಿಲ್ಲ, ತಡವಾಗಿ ಬರೋದಿಲ್ಲ, ಜಗಳ ಆಡೋದಿಲ್ಲ, ಏನನ್ನೂ ಕೇಳೋದಿಲ್ಲ, ಗಂಟೆ ಹೊಡೆದರೆ ಕೈಯಲ್ಲಿದ್ದ ಶೀಟು ಮುಗಿಸಿ ಹೋಗ್ತಾರೆ.

'ನಾಲ್ಕೂ ಜನ ಸಾಧಾರಣ ಕಣೋ ಹೀರೋ' ಅಂದಿದ್ದರು ಮ್ಯಾನೇಜರ್ ನಿನ್ನೆ. ಅವರು ಅವನನ್ನು ಹೀರೋ ಅಂತಲೇ ಕರೆಯೋದು. ಎಲ್ಲೋ ಎರಡು ದಿನದ ತರಬೇತಿಗೆ ಹೋಗಿ ಬಂದಿದ್ದರು, ಅಲ್ಲಿ ಕೊಟ್ಟ ಚೀಲ ಕುರ್ಚಿಗೆ ನೇತುಹಾಕಿದ್ದರು. 'ಕೆಟ್ಟವರಾದ್ರೆ ಸುಲಭ, ಕಳಿಸಿಬಿಡಬಹುದು. ತುಂಬಾ ಒಳ್ಳೆಯವರಾದ್ರೂ ಸುಲಭ, ಅವರ ಪಾಡಿಗೆ ಬಿಟ್ರೆ ಆಯ್ತು. ಈ ಮಧ್ಯದವರೇ ಕಷ್ಟ. ಒಬ್ಬರನ್ನ ಕೆಳಗೆ ಇಳಿಸು, ಮೂರು ಜನ ಮೇಲೆ ಬರ್ತಾರೆ.' ರೋಗಿಯ ಮನೆಯವರಿಗೆ ಕಾಯಿಲೆ ವಿವರಿಸುವ ಹಾಗೆ ಮೆತ್ತಗೆ ಹೇಳಿದ್ದರು. ಕೆಟ್ಟ ಮನುಷ್ಯ ಅಂತೂ ಅಲ್ಲ. ಅದೇ ಇನ್ನೂ ಸಿಟ್ಟು ಬರಿಸುತ್ತಿತ್ತು. 'ಇಬ್ಬಿಬ್ಬರು ಸೇರಿ ಮಡಿಸೋದು ಸಾರ್, ಅದರಲ್ಲಿ ಯಾರು ಕಡಿಮೆ ಅಂತ ಹೆಂಗೆ ಹೇಳೋದು?' ಅಂದಿದ್ದ. 'ಜೋಡಿ ಬದಲಾಯಿಸು. ಬಿರುಸಾಗಿರೋರನ್ನ ಒಂದು ಕಡೆ ಹಾಕು, ನಿಧಾನದೋರನ್ನ ಒಂದು ಕಡೆ. ಯಾರು ಯಾರನ್ನ ಎಳೀತಿದಾರೆ ತಾನೇ ಗೊತ್ತಾಗುತ್ತೆ. ಇದೇ ಅಕ್ಕನ ಜೊತೆ ನೀನು ಎಂಬತ್ತು ಮಾಡಲಿಲ್ವಾ?'

ಮಾಡಿದ್ದೆ ಅಂದಿದ್ದ.

ಬೆಳಗ್ಗೆ ಮೊದಲ ಗಂಟೆ ಹೊಡೆದ ಕೂಡಲೇ ಜೋಡಿ ಬದಲು ಅಂತ ಹೇಳಿದ. ಕಂಬ ಮತ್ತು ಹೊಸಬಳು ಒಂದು ಕಡೆ, ದೊಡ್ಡಕ್ಕ ಮತ್ತು ಭಾವ ಒಂದು ಕಡೆ. ಭಾವ ಕನ್ನಡಕವನ್ನು ಅಂಗಿಗೆ ಒರೆಸಿ, 'ಯಜಮಾನ್ರು ಹೇಳಿದ ಮೇಲೆ ಆಯ್ತು, ಈ ವಯಸ್ಸಲ್ಲಿ ಇನ್ನೊಂದು ಸಂಬಂಧ' ಅಂದ. ಯಾರೂ ಏನೂ ಕೇಳಲಿಲ್ಲ. ಕಂಬ ಮತ್ತು ಹೊಸಬಳು ಮೊದಲ ಶೀಟು ಹಿಡಿದರು, ಉದ್ದಕ್ಕೆ ಮಡಿಸಿದರು, ಆಮೇಲೆ ಇಬ್ಬರೂ ನಡೆದರು. ಇಬ್ಬರಿಗೂ ನಡೆದೇ ಅಭ್ಯಾಸ. ಮಧ್ಯದಲ್ಲಿ ಕಂಬನ ಎದೆಗೆ ಅವಳ ಹಣೆ ಬಡಿಯಿತು, ಶೀಟು ಇಬ್ಬರ ಕಾಲ ಸಂದಿಯಲ್ಲಿ ನೆಲಕ್ಕೆ ಬಿತ್ತು. ನೆಲಕ್ಕೆ ಬಿದ್ದದ್ದು ವಾಪಸ್ ನೀರಿಗೆ. ಎರಡನೆಯದರಲ್ಲಿ ಒಬ್ಬರಿಗೊಬ್ಬರು ದಾರಿ ಬಿಡಲು ಹೋಗಿ ಇಬ್ಬರೂ ನಿಂತರು, ಆಮೇಲೆ ಇಬ್ಬರೂ ಒಟ್ಟಿಗೇ ಹೊರಟರು. ಇತ್ತ ದೊಡ್ಡಕ್ಕ ಮತ್ತು ಭಾವ ಶೀಟು ತಗೊಂಡು ಅಭ್ಯಾಸದ ಜಾಗಕ್ಕೆ ಹೋಗಿ, ಇಬ್ಬರೂ ಕಿಟಕಿಗೆ ಬೆನ್ನು ಹಾಕಿ, ಫೋಟೋಗೆ ನಿಂತ ಗಂಡ ಹೆಂಡತಿಯ ಹಾಗೆ ಪಕ್ಕಪಕ್ಕ ನಿಂತರು. ಕಂಬ ನಗು ತಡೆಯಲಾರದೆ ರೋಲರ್ ಕಡೆ ತಿರುಗಿದ. ಭಾವನನ್ನು ಕೈ ಹಿಡಿದು ಎದುರು ಕಡೆಗೆ ಕರೆದುಕೊಂಡು ಹೋಗಿ ನಿಲ್ಲಿಸಬೇಕಾಯಿತು. ನಿಲ್ಲಿಸಿದ್ದೂ ತಪ್ಪಾಯಿತು, ಅವನು ನಿಂತೇಬಿಟ್ಟ. ಉದ್ದಕ್ಕೆ ಮಡಿಸಿದ ಶೀಟಿನ ಎರಡು ತುದಿ ಹಿಡಿದು ಇಬ್ಬರೂ ಕಾದರು. ಅವಳು ಇವನು ಬರಲಿ ಅಂತ, ಇವನು ಅವಳು ಬರಲಿ ಅಂತ.

'ಬನ್ನಿ' ಅಂದಳು ದೊಡ್ಡಕ್ಕ.

'ನೀವು ಬನ್ನಿ.'

'ನನಗೆ ಮಂಡಿ.'

'ನನಗೆ ನಡೆಯೋದು ಗೊತ್ತಿಲ್ಲ. ಹನ್ನೊಂದು ವರ್ಷ ಆಯ್ತು ನಡೆದು.'

ಮ್ಯಾನೇಜರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ ಅಂತ ಅವನಿಗೆ ಬೆನ್ನಿನಿಂದಲೇ ಗೊತ್ತಾಯಿತು. ಗಂಟೆಯ ಕೊನೆಗೆ ಒಂದು ಕಡೆ ನಲವತ್ತೊಂದು, ಇನ್ನೊಂದು ಕಡೆ ಇಪ್ಪತ್ತೆರಡು. ಯಾರು ಯಾರನ್ನು ಎಳೆಯುತ್ತಿದ್ದರೋ ಗೊತ್ತಾಗಲಿಲ್ಲ. ಎಲ್ಲರೂ ಎಲ್ಲರನ್ನೂ ಹಿಡಿದುಕೊಂಡಿದ್ದರು ಅಂತ ಮಾತ್ರ ಗೊತ್ತಾಯಿತು, ಅದಕ್ಕೆ ಚೀಟಿಯಲ್ಲಿ ಸಾಲು ಇರಲಿಲ್ಲ. 'ಹಳೇ ಜೋಡಿಗೆ ಹೋಗಿ' ಅಂದ. ಧ್ವನಿ ಸ್ವಲ್ಪ ಜೋರಾಯಿತು. ಹೋದರು. ಎರಡೇ ನಿಮಿಷದಲ್ಲಿ ಕೋಣೆಯಲ್ಲಿ ಮತ್ತೆ ಅದೇ ಅರವತ್ತೈದರ ಸದ್ದು ಶುರುವಾಯಿತು, ಎತ್ತುವ ಸದ್ದು, ಕೊಡವುವ ಸದ್ದು, ನಾಲ್ಕು ಹೆಜ್ಜೆ. ಮ್ಯಾನೇಜರ್ ಅವನ ಭುಜದ ಮೇಲೆ ಕೈಯಿಟ್ಟು, 'ಹೇಳಿದ್ರೆ ಇವರಿಗೆ ಅರ್ಥ ಆಗಲ್ಲ ಹೀರೋ. ಮೂರು ಗಂಟೆಗೆ ನೀನೇ ನಿಂತು ತೋರಿಸು. ಅಕ್ಕನ ಎದುರಿಗೆ, ಒಂದು ಗಂಟೆ. ನಾನು ಎಣಿಸ್ತೀನಿ. ಎಂಬತ್ತು ಕಣ್ಣೆದುರಿಗೆ ಬಂತು ಅಂದ್ರೆ ಮಾತು ಬೇಕಿಲ್ಲ' ಅಂದರು. ಭುಜದ ಮೇಲೆ ಕೈಯಿಟ್ಟ ಜಾಗ ಆಮೇಲೂ ಬಹಳ ಹೊತ್ತು ಬೆಚ್ಚಗಿತ್ತು, ಒರೆಸಿಕೊಳ್ಳಬೇಕು ಅನ್ನಿಸಿತು.

ಶಾಲೆಯಲ್ಲಿ ಮುಂದಿನ ಬೆಂಚು ಜಾಣರಿಗೆ, ಹಿಂದಿನ ಬೆಂಚು ಪುಂಡರಿಗೆ, ಮಧ್ಯದ ಬೆಂಚು ಉಳಿದವರಿಗೆ. ಮುಂದಿನವರ ಹೆಸರೂ ಮೇಷ್ಟರಿಗೆ ಗೊತ್ತು, ಹಿಂದಿನವರ ಹೆಸರೂ ಗೊತ್ತು. ಅವನು ಮಧ್ಯದಲ್ಲಿದ್ದ. ಎದುರಿಗೆ ಬಂದು ನಿಂತರೆ ಮೇಷ್ಟರು, 'ನೀನು...' ಅಂತ ಬೆರಳು ಆಡಿಸುತ್ತಿದ್ದರು, ಹೆಸರು ಬರುತ್ತಿರಲಿಲ್ಲ. ಒಂಬತ್ತನೇ ಕ್ಲಾಸಿನ ಒಂದು ಬೆಳಗ್ಗೆ ಎದ್ದು ಹೊರಗೆ ಹೋದವನು ತಿರುಗಿ ಹೋಗಲಿಲ್ಲ. ಒಂಬತ್ತು ದಿನ ಯಾರಿಗೂ ಗೊತ್ತಾಗಲಿಲ್ಲ, ಹಾಜರಿಯಲ್ಲಿ ಒಂಬತ್ತು ದಿನವೂ ಬಂದಿದ್ದಾನೆ ಅಂತಲೇ ಇತ್ತು. ಹತ್ತನೇ ದಿನ ಗೊತ್ತಾದದ್ದೂ ಅಮ್ಮನಿಗೆ, ಅದೂ ಪಕ್ಕದ ಮನೆಯವರಿಂದ. ಫೇಲಾಗಿ ಬಿಟ್ಟಿದ್ದರೆ ಹೇಳಿಕೊಳ್ಳಬಹುದಿತ್ತು, ಹೊಡೆದಾಡಿ ಬಿಟ್ಟಿದ್ದರೆ ಇನ್ನೂ ಚೆನ್ನಾಗಿ ಹೇಳಿಕೊಳ್ಳಬಹುದಿತ್ತು. ಹಾಗಾಗಿ ಲಾಂಡ್ರಿಗೆ ಬಂದ ಎರಡನೇ ವರ್ಷ ಮ್ಯಾನೇಜರ್ ಮೊದಲ ಸಲ ಅವನ ಮುಖ ನೋಡಿ, 'ಯಾರು ನೀನು, ಎಪ್ಪತ್ತೆರಡು ಮಾಡಿದವನು?' ಅಂತ ಕೇಳಿದಾಗ ಅವನು ತನ್ನ ಹೆಸರನ್ನು ಎರಡು ಸಲ ಹೇಳಿದ. ಎಪ್ಪತ್ತೆರಡು ಹೇಗೆ ಬಂತು ಅಂತ ಅವನಿಗೆ ಆಗಲೇ ಗೊತ್ತಿತ್ತು. ಅವತ್ತು ದೊಡ್ಡಕ್ಕನಿಗೆ ಭುಜ ನೋವು, ಕೈ ಮೇಲೆತ್ತಲು ಕಷ್ಟಪಡುತ್ತಿದ್ದಳು, 'ಎತ್ತಬೇಡ ಬಿಡಕ್ಕಾ, ನನಗೆ ಹಾಗೇ ಕಾಣುತ್ತೆ' ಅಂದಿದ್ದ. ಕರುಣೆಯಿಂದ ಅಂದಿದ್ದ. ನಿಜವಾಗಿಯೂ ಕರುಣೆಯಿಂದಲೇ, ಮೊದಲ ದಿನ. ಮಾರನೇ ದಿನ ಭುಜ ನೋವು ಇರಲಿಲ್ಲ. ಆದರೂ 'ಎತ್ತಬೇಡ' ಅಂದ. 'ನಿನ್ನ ಕಣ್ಣು ಚುರುಕಪ್ಪ' ಅಂದಳು ಅವಳು. ಎತ್ತದೆ, ನೋಡದೆ, ಎದೆಯ ಮಟ್ಟದಲ್ಲೇ ಹಿಡಿದು ಮಡಿಸಿದರೆ ಒಂದು ಶೀಟಿಗೆ ಹತ್ತು ಸೆಕೆಂಡು ಉಳಿಯುತ್ತೆ. ಹತ್ತು ಸೆಕೆಂಡಿಗೆ ಹತ್ತು ಸೆಕೆಂಡು ಕೂಡಿ ಎಂಬತ್ತಾಯಿತು. ಎಂಬತ್ತು ಗೋಡೆ ಹತ್ತಿತು. ಗೋಡೆ ಹತ್ತಿದ ಮೇಲೆ ಅವನು ಮಡಿಸೋದು ಬಿಟ್ಟು ಸೂಪರ್‌ವೈಸರ್ ಆದ.

ಅವನು ಎಂಬತ್ತು ಮಾಡುತ್ತಿದ್ದ ದಿನಗಳಲ್ಲೇ ಒಂದು ಮಧ್ಯಾಹ್ನ ಆಸ್ಪತ್ರೆಯ ವಾರ್ಡಿನಲ್ಲಿ ಚಿಕ್ಕಮ್ಮ ಮಲಗಿದ್ದಳು, ಹೊಟ್ಟೆಯ ಆಪರೇಷನ್ ಆಗಿ ಮೂರು ದಿನವಾಗಿತ್ತು. ಅವನು ಕಿತ್ತಳೆ ಹಣ್ಣು ಸುಲಿಯುತ್ತಿದ್ದ. ಚಿಕ್ಕಮ್ಮನ ಕಾಲಿನ ಹೆಬ್ಬೆರಳು ಶೀಟಿನ ಒಂದು ತೂತಿನಿಂದ ಆಚೆ ಬಂದು ಆಡುತ್ತಿತ್ತು. 'ನೋಡೋ, ಕಿಟಕಿಯಿಂದ ಇಣುಕ್ತಿದೆ' ಅಂತ ಬೆರಳು ಕುಣಿಸಿ, 'ಇದು ನಿಮ್ಮ ಲಾಂಡ್ರಿದೇನೋ?' ಅಂತ ಕೇಳಿದಳು. ಅಂಚಿನಲ್ಲಿ ಅವರ ಲಾಂಡ್ರಿಯ ನೀಲಿ ದಾರದ ಗುರುತು ಎದ್ದು ಕಾಣುತ್ತಿತ್ತು. 'ಅಲ್ಲ, ಬೇರೆ ಕಡೆದು' ಅಂದ. ಅವಳು ನಂಬಿದಳು. ಹೆಬ್ಬೆರಳನ್ನು ಒಳಗೆ ಎಳೆದುಕೊಂಡು, 'ಅದೇ ಅಂದುಕೊಂಡೆ, ನೀನಿರೋ ಕಡೆ ಇಂಥದ್ದು ಆಚೆ ಬರುತ್ತಾ' ಅಂದಳು. ತೂತು ದೊಡ್ಡದೇನೂ ಅಲ್ಲ. ಅದರಿಂದ ಯಾರೂ ಸಾಯಲಿಲ್ಲ, ಯಾರಿಗೂ ನೋವಾಗಲಿಲ್ಲ. ಒಂದು ಬೆರಳು ಹೊರಗೆ ಬಂತು ಅಷ್ಟೇ. ಆದರೆ ಆ ಬೆರಳಿಗೆ ಉಗುರು ಕತ್ತರಿಸದೆ ವಾರವಾಗಿತ್ತು, ಪಕ್ಕದ ಮಂಚದವರನ್ನು ನೋಡಲು ಬಂದಿದ್ದ ಹೆಂಗಸು ಅದನ್ನು ನೋಡಿ ಮುಖ ತಿರುಗಿಸಿದ್ದಳು, ಚಿಕ್ಕಮ್ಮ ಅದನ್ನು ನೋಡಿದ್ದಳು, ಅದಕ್ಕೇ ತಮಾಷೆ ಮಾಡಿದ್ದಳು.

ಊಟದ ಹೊತ್ತಿಗೆ ಅವನು ಮೊದಲೆಲ್ಲ ಅವರ ಜೊತೆ ಬೆಂಚಿನ ಮೇಲೆ ಕೂರುತ್ತಿದ್ದ. ಈಗ ಕೂತರೆ ಮಾತು ನಿಲ್ಲುತ್ತೆ, ಕೂರದಿದ್ದರೆ ಸೊಕ್ಕು ಅಂತಾಗುತ್ತೆ. ಹಾಗಾಗಿ ಬಾಗಿಲಲ್ಲಿ ನಿಂತು ಡಬ್ಬಿಯಿಂದ ತಿನ್ನುತ್ತಾನೆ, ಒಳಗೂ ಅಲ್ಲ, ಹೊರಗೂ ಅಲ್ಲ. ಇವತ್ತು ಹೊಸಬಳು ಕೈ ತೊಳೆದುಕೊಂಡು ನೇರವಾಗಿ ಅವನ ಹತ್ತಿರ ಬಂದಳು.

'ಸಾರ್, ಒಂದು ಕೇಳಲಾ?'

'ಕೇಳು.'

'ನೀವು ಎಂಬತ್ತು ಮಾಡುವಾಗ ಹೆಂಗೆ ನೋಡ್ತಿದ್ರಿ? ನಾನು ಎಷ್ಟು ಬೇಗ ಅಂದ್ರೂ ಎತ್ತಿ, ನೋಡಿ, ಇಳಿಸೋಕೆ ಹತ್ತು ಸೆಕೆಂಡ್ ಬೇಕು. ಮನೇಲಿ ಗಡಿಯಾರ ಇಟ್ಕೊಂಡು ನಮ್ಮಣ್ಣನ ಪಂಚೆ ಹಿಡಿದು ಅಭ್ಯಾಸ ಮಾಡಿದೆ. ಒಂಬತ್ತಕ್ಕೆ ಇಳೀತು. ಅದಕ್ಕಿಂತ ಇಳೀತಿಲ್ಲ. ಎಲ್ಲಿಂದ ನೋಡೋಕೆ ಶುರು ಮಾಡ್ಬೇಕು, ಮೇಲಿಂದಾನೋ ಮಧ್ಯದಿಂದಾನೋ?'

ಅವಳ ಮುಖದಲ್ಲಿ ಕುಹಕ ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಎಷ್ಟು ಸುಲಭವಿತ್ತು. ಅಲ್ಲೇ ರೇಗಿ, ಚೀಟಿ ತೆಗೆದು, ಕೊನೆಯ ಸಾಲಿಗೆ ಅವಳ ಹೆಸರು ಬರೆದುಬಿಡಬಹುದಿತ್ತು. 'ಅಭ್ಯಾಸ' ಅಂದ. 'ಅಭ್ಯಾಸ ಆದ್ರೆ ಬರುತ್ತೆ.' ಅವಳು ತಲೆಯಾಡಿಸಿ ಹೋದಳು, ಬೆಂಚಿನ ಹತ್ತಿರ ಹೋಗಿ, 'ಅಭ್ಯಾಸ ಅಂತೆ' ಅಂತ ಹೇಳಿದ್ದು ಕೇಳಿಸಿತು. ಕಂಬ, 'ನನಗೆ ಆರು ವರ್ಷದ ಅಭ್ಯಾಸ, ಇನ್ನೆಷ್ಟು ಬೇಕಂತೆ?' ಅಂದ. ಭಾವ, 'ನಿನ್ನ ಕಣ್ಣು ಅಷ್ಟು ಮೇಲಿಂದ ಶೀಟಿಗೆ ಇಳಿದು ಬರೋದಕ್ಕೇ ಐದು ಸೆಕೆಂಡ್ ಬೇಕು' ಅಂದ, ಮೂವರೂ ನಕ್ಕರು. ದೊಡ್ಡಕ್ಕ ನಗಲಿಲ್ಲ. ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು, ಹಾಕಿದ ಮುಚ್ಚಳವನ್ನೇ ಮತ್ತೆ ತೆಗೆದು ಮತ್ತೆ ಹಾಕಿದಳು. ಅವಳಿಗೆ ಗೊತ್ತಿತ್ತೋ ಇಲ್ಲವೋ? ನಾಲ್ಕು ವರ್ಷದಲ್ಲಿ ಇದನ್ನು ಅವನು ಕೇಳಿಕೊಂಡಿರಲಿಲ್ಲ. ಕಿಟಕಿಗೆ ಬೆನ್ನು ಹಾಕಿದವರಿಗೆ ಏನೂ ಕಾಣೋದಿಲ್ಲ ಅನ್ನೋದನ್ನು ನಂಬಿಕೊಂಡಿದ್ದ. ಈಗ ಮೂರು ಗಂಟೆಗೆ ಅವಳ ಎದುರಿಗೆ ನಿಂತು ಮತ್ತೆ 'ಎತ್ತಬೇಡ' ಅಂದರೆ ಮುಗಿಯಿತು. ಎಂಬತ್ತು ಬರುತ್ತೆ, ಎಂಬತ್ತೆರಡೂ ಬರಬಹುದು, ಕೈಗೆ ಇನ್ನೂ ಮರೆತಿಲ್ಲ. ಮ್ಯಾನೇಜರ್ ಎಣಿಸೋದು ಮಡಿಸಿದ್ದನ್ನು, ನೋಡಿದ್ದನ್ನಲ್ಲ. ಆಮೇಲೆ ನಾಲ್ವರಲ್ಲಿ ಯಾರೋ ಒಬ್ಬರು ಒದ್ದೆ ಕೋಣೆಗೆ. ಮಂಡಿ ನೋವಿನವಳು ಆ ನೀರಿನಲ್ಲಿ ಎಷ್ಟು ದಿನ? ಭಾವನ ಕನ್ನಡಕಕ್ಕೆ ಹಬೆ ಹತ್ತಿದರೆ? ಕಂಬ ಆ ತಗ್ಗಿನ ಚಾವಣಿಯ ಕೆಳಗೆ ದಿನವಿಡೀ ಬಗ್ಗಿಯೇ ಇರಬೇಕು. ಹೊಸಬಳು ಪಂಚೆ ಹಿಡಿದು ಅಭ್ಯಾಸ ಮಾಡುವವಳು. ಒಬ್ಬೊಬ್ಬರನ್ನೇ ತಂದು ಕೊನೆಯ ಸಾಲಿನಲ್ಲಿ ನಿಲ್ಲಿಸಿ ನೋಡಿದ. ಪ್ರತಿಯೊಬ್ಬರೂ ಹೇಳಿದ ಹಾಗೆ ಬಂದು ನಿಂತರು, ಏನೂ ಕೇಳಲಿಲ್ಲ. ಆ ಕೇಳದಿರುವಿಕೆಗೇ ಅವನಿಗೆ ಮತ್ತೆ ಸಿಟ್ಟು ಬಂತು. ಒಬ್ಬರಾದರೂ ತಿರುಗಿ ಬೀಳಬಾರದೇ, ಬಿದ್ದರೆ ಆ ಹೆಸರನ್ನೇ ಬರೆಯಬಹುದಲ್ಲ.

ಮೂರು ಗಂಟೆಗೆ ಮ್ಯಾನೇಜರ್ ಕುರ್ಚಿ ತರಿಸಿ ಹಾಕಿಕೊಂಡು ಕೂತರು. ಕೈಯಲ್ಲಿ ಗುಂಡಿ ಒತ್ತಿದರೆ ಟಿಕ್ ಅಂತ ಒಂದು ಕೂಡುವ ಪುಟ್ಟ ಕೌಂಟರು. ಉಳಿದ ಮೂವರು ರೋಲರಿನ ಪಕ್ಕ ಸಾಲಾಗಿ ನಿಂತರು, ನೋಡಿ ಕಲಿಯಲು. ದೊಡ್ಡಕ್ಕ ತನ್ನ ಜಾಗಕ್ಕೆ ಹೋಗಿ ಕಿಟಕಿಗೆ ಬೆನ್ನು ಹಾಕಿದಳು. ಮೊದಲ ಶೀಟು ಬಂತು. ಅವನು ತನ್ನ ಎರಡು ಮೂಲೆ ಹಿಡಿದ, ಹೆಬ್ಬೆರಳು ಒಳಗೆ, ಅವಳು ತನ್ನ ಎರಡು ಮೂಲೆ ಹಿಡಿದಳು, ಎದೆಯ ಮಟ್ಟಕ್ಕೆ. ಎದೆಯ ಮಟ್ಟಕ್ಕೇ. ಹೊಸಬಳ ಎದುರು ಮೂರು ತಿಂಗಳಿಂದ ತಲೆಯ ಮೇಲೆ ಎತ್ತುತ್ತಿದ್ದವಳು, ಎದುರಿಗೆ ಇವನು ಬಂದ ಕೂಡಲೇ ಕೈಯನ್ನು ಎದೆಗೆ ಇಳಿಸಿದ್ದಳು. ಕೇಳಲಿಲ್ಲ, ಮುಖದಲ್ಲಿ ಏನೂ ಇರಲಿಲ್ಲ, ಹಿಡಿದು ಕಾಯುತ್ತಿದ್ದಳು ಅಷ್ಟೇ. ಅವಳ ಕೈಗೆ ಗೊತ್ತು. ಇಷ್ಟು ದಿನವೂ ಗೊತ್ತಿತ್ತು. ಶೀಟು ಇಬ್ಬರ ನಡುವೆ ಬಿಸಿಯಾಗಿ, ಬಿಗಿಯಾಗಿ, ಮೇಜಿನ ಹಾಗೆ ಚಪ್ಪಟೆಯಾಗಿ ನಿಂತಿತ್ತು. ಅದರಲ್ಲಿ ಏನಿದೆಯೋ ಏನಿಲ್ಲವೋ ಇಬ್ಬರಿಗೂ ಕಾಣುತ್ತಿರಲಿಲ್ಲ. ಅಮ್ಮ ಪಕ್ಕದ ಮನೆಯ ಬಾಗಿಲಲ್ಲಿ ನಿಂತಿರುವುದು ಕಾಣಿಸಿತು, ಇನ್ನು ಎರಡು ಗಂಟೆ ಕಳೆದ ಮೇಲೆ ಅಮ್ಮ ಆ ಬಾಗಿಲಿಗೆ ಹೇಗೆ ಹೋಗ್ತಾಳೆ ಅನ್ನೋದೂ ಕಾಣಿಸಿತು.

'ಎತ್ತಕ್ಕಾ' ಅಂದ.

ಅವಳು ಅರ್ಥವಾಗದವಳ ಹಾಗೆ ನೋಡಿದಳು.

'ಮೇಲೆ ಎತ್ತು. ನೋಡ್ಬೇಕು.'

'ನೋಡ್ತೀಯಾ?' ಅಂದಳು, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. ಮೂರು ತಿಂಗಳಲ್ಲಿ ಮೊದಲ ಸಲ ಸಾರ್ ಇರಲಿಲ್ಲ. ಆಮೇಲೆ ಎತ್ತಿದಳು. ಬೆಳಕು ಬಂತು. ಬಟ್ಟೆಯ ದಾರದಾರವೂ ಬಿಡಿಬಿಡಿಯಾಗಿ ಕಾಣಿಸಿತು, ಒಂದು ಕಡೆ ಹಳೆಯ ಹೊಲಿಗೆ, ಒಂದು ಕಡೆ ತೆಳುವಾದ ಜಾಗ, ಯಾರೋ ಮಲಗಿ ಮಲಗಿ ಸವೆಸಿದ್ದು. ಅವನು ಮೇಲಿಂದ ಕೆಳಗೆ ನೋಡಿದ, ಎಡದಿಂದ ಬಲಕ್ಕೆ ನೋಡಿದ. ಎಷ್ಟು ಹೊತ್ತಾಯಿತೋ. ಹನ್ನೆರಡು ಸೆಕೆಂಡಿರಬಹುದು, ಕಣ್ಣಿಗೆ ಅಭ್ಯಾಸ ತಪ್ಪಿತ್ತು. ಮಡಿಸಿದ, ನಡೆದ. ಟಿಕ್. ಎರಡನೆಯದು. ಒಂಬತ್ತನೆಯದರಲ್ಲಿ ಹರಕು ಸಿಕ್ಕಿತು, ಬುಟ್ಟಿಗೆ ಹಾಕಿದ, ಮ್ಯಾನೇಜರ್ ಬೆರಳು ಗುಂಡಿಯ ಮೇಲೆ ನಿಂತೇ ಇತ್ತು. ಇಪ್ಪತ್ತಾದ ಮೇಲೆ ಬೆವರು ಬಂತು. ನಲವತ್ತಾದ ಮೇಲೆ ಲೆಕ್ಕ ತಲೆಯಿಂದ ಹೋಯಿತು. ಅವನು ನಡೆಯುತ್ತಿದ್ದ, ಅವಳ ಕೈಗೆ ತುದಿ ಕೊಡುತ್ತಿದ್ದ, ಪ್ರತಿ ಸಲ ಅವಳ ಬೆರಳು ಅವನ ಬೆರಳಿಗೆ ತಾಗುತ್ತಿತ್ತು, ಒರಟು, ಒಣಗಿದ್ದು, ಬಿಸಿ. ಒಂದು ಸಲ ಅವಳು ನೋವಿಗೆ ಹಲ್ಲು ಕಚ್ಚಿದ್ದು ನೋಡಿದ. ನಿಲ್ಲಿಸಲಿಲ್ಲ. ರೋಲರಿನ ಪಕ್ಕದಲ್ಲಿ ನಿಂತಿದ್ದ ಮೂವರೂ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ನೋಡಿಕೊಳ್ಳುವುದನ್ನೂ ಬಿಟ್ಟು ನೆಲ ನೋಡತೊಡಗಿದರು.

ಗಂಟೆ ಮುಗಿದಾಗ ಅರವತ್ತಮೂರು.

ಮ್ಯಾನೇಜರ್ ಕೌಂಟರನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಮತ್ತೆ ದೂರ ಹಿಡಿದು ನೋಡಿದರು. 'ಮೂರು ತಿಂಗಳಾಯ್ತಲ್ಲ, ಕೈ ತಪ್ಪಿದೆ' ಅಂದರು, ಎಲ್ಲರಿಗೂ ಕೇಳುವ ಹಾಗೆ. ಒಳ್ಳೆಯ ಮಾತು, ದಾಟಿಕೊಳ್ಳಲು ಒಂದು ಹಲಗೆ ಹಾಕಿಕೊಟ್ಟರು. ಅವನು ಅವರ ಹಿಂದೆಯೇ ಅವರ ಕೋಣೆಗೆ ಹೋದ. ನಿಂತೇ ಹೇಳಿದ.

'ಕೈ ತಪ್ಪಿಲ್ಲ ಸಾರ್. ಆಗ ನಾನು ಶೀಟು ನೋಡ್ತಿರಲಿಲ್ಲ. ಎತ್ತದೆ ಮಡಿಸ್ತಿದ್ದೆ. ಎಂಬತ್ತು ಹಂಗೆ ಬಂದಿದ್ದು.'

'ಅಕ್ಕ?'

'ಎತ್ತಬೇಡ ಅಂತ ನಾನೇ ಹೇಳಿದ್ದೆ. ನನಗೆ ಹಾಗೇ ಕಾಣುತ್ತೆ ಅಂದಿದ್ದೆ. ನಂಬಿದ್ರು.'

ಮ್ಯಾನೇಜರ್ ಪೆನ್ನಿನ ಕ್ಯಾಪು ತೆಗೆದು, ಹಾಕಿ, ತೆಗೆದರು. ಬೈಯುತ್ತಾರೆ ಅಂತ ಕಾದ. ಬೈದರೆ ತಾನೂ ಬೈಯಬೇಕು ಅಂತ ನಾಲ್ಕೈದು ಮಾತು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ, ಎಲ್ಲ ಹದವಾಗಿ ಕಾದ ಮಾತುಗಳು. 'ಎಂಬತ್ತನ್ನ ಮೇಲಿನವರು ಬೇರೆ ಮೂರು ಲಾಂಡ್ರಿಗೂ ಕಳಿಸಿದಾರೆ' ಅಂದರು ಅವರು ಕೊನೆಗೆ. 'ಅಲ್ಲೂ ಗೋಡೆಗೆ ಬರೆದಾಗಿದೆ. ಈಗ ನಾನು ಫೋನ್ ಮಾಡಿ ಏನಂತ ಹೇಳ್ಲಿ?' ಅದು ಅವನಿಗೆ ಗೊತ್ತಿರಲಿಲ್ಲ. ಎಲ್ಲೋ ತಾನು ನೋಡದ ಮೂರು ಕೋಣೆಗಳಲ್ಲಿ ತಾನು ನೋಡದ ಜನ ಅರವತ್ತೈದು ಮಾಡಿ, ಗೋಡೆ ನೋಡಿ, ತಲೆ ತಗ್ಗಿಸುತ್ತಿದ್ದಾರೆ. ನಾಲಿಗೆಯ ಮೇಲಿದ್ದ ಮಾತುಗಳೆಲ್ಲ ಆರಿಹೋದವು. 'ಎತ್ತಿ ನೋಡಿದ್ರೆ ಅರವತ್ತೈದೇ ಸಾರ್' ಅಂದ. 'ಅಷ್ಟೇ ಆಗೋದು. ಅವರು ಸರಿಯಾಗಿ ಮಾಡ್ತಿದಾರೆ.' ಮ್ಯಾನೇಜರ್ ಕಿಟಕಿಯ ಕಡೆ ನೋಡಿ, 'ನಾನು ಇದನ್ನ ಕೇಳಿಸಿಕೊಳ್ಳದೇ ಇರಬಹುದಿತ್ತು' ಅಂದರು. 'ಐದು ಗಂಟೆಗೆ ಚೀಟಿ ಬರಲಿ.'

ಹೊರಗೆ ಬಂದು ಬೀರುವಿನ ಮೇಲೆ ಚೀಟಿಯಿಟ್ಟುಕೊಂಡು ಬರೆದ. ಕಂಬ, ಅರವತ್ತಾರು. ಭಾವ, ಅರವತ್ತಾರು. ಹೊಸಬಳು, ಅರವತ್ತೈದು. ದೊಡ್ಡಕ್ಕ, ಅರವತ್ತೈದು. ನಾಲ್ಕು ಸಾಲೂ ತುಂಬಿದವು. ಕೆಳಗೆ ಕೈಯಿಂದಲೇ ಐದನೆಯ ಗೆರೆ ಎಳೆದ, ಸ್ವಲ್ಪ ಸೊಟ್ಟಗಾಯಿತು, ಅದರ ಮೇಲೆ ತನ್ನ ಹೆಸರು, ಮುಂದೆ ಅರವತ್ತಮೂರು. ಹೆಸರು ಬರೆಯೋದಕ್ಕೆ ಹತ್ತು ಸೆಕೆಂಡೂ ಬೇಕಾಗಲಿಲ್ಲ. ದೊಡ್ಡ ಕೆಲಸ ಮಾಡಿದೆ ಅನ್ನಿಸುತ್ತೆ ಅಂದುಕೊಂಡಿದ್ದ. ಏನೂ ಅನ್ನಿಸಲಿಲ್ಲ, ಲೆಕ್ಕ ಇದ್ದ ಹಾಗೆ ಬರೆದಿದ್ದ ಅಷ್ಟೇ, ಕಡಿಮೆ ಯಾರದೋ ಅವರದು ಕೆಳಗೆ. ಐದಕ್ಕೆ ಮ್ಯಾನೇಜರ್ ಅದನ್ನು ಓದಿದರು. 'ಐದನೇ ಸಾಲು ಇರಲಿಲ್ಲ' ಅಂದರು. 'ಹಾಕಿದೀನಿ' ಅಂದ. ಪೆನ್ನಿನ ಕ್ಯಾಪು ಹಾಕಿ, 'ಕೊನೇ ಸಾಲಿಗೆ ಒಬ್ಬರು ಬೇಕಿತ್ತು' ಅಂದರು. 'ಸೋಮವಾರ ಏಳಕ್ಕೇ ಬಂದುಬಿಡು. ಒದ್ದೆ ಕೋಣೆ ಬೇಗ ಶುರುವಾಗುತ್ತೆ.' ಹೀರೋ ಅನ್ನಲಿಲ್ಲ. ಅವರಿಗೂ ಅವನ ನಿಜವಾದ ಹೆಸರು ತಕ್ಷಣ ಬರಲಿಲ್ಲ ಅಂತ ಕಾಣುತ್ತೆ, ಚೀಟಿ ನೋಡಿ ಓದಿದರು.

ಕೋಣೆಗೆ ವಾಪಸ್ ಬಂದಾಗ ರೋಲರ್ ಆರಿಸಿದ್ದರು, ನಾಲ್ವರೂ ಕಟ್ಟುಗಳನ್ನು ಗಾಡಿಗೆ ಏರಿಸುತ್ತಿದ್ದರು. ಚೀಟಿಯ ಸುದ್ದಿ ಅವರಿಗೂ ಮುಟ್ಟಿತ್ತು, ಅವನು ಬಂದದ್ದು ನೋಡಿ ಕೈ ನಿಂತವು.

'ಯಾರಂತೆ?' ಅಂದ ಭಾವ. ಯಜಮಾನ್ರೇ ಅನ್ನೋದನ್ನು ಮರೆತಿದ್ದ.

'ನಾನು.'

 ಹೊಸಬಳು ಏನೋ ಕೇಳಲು ಬಾಯಿ ತೆರೆದು ಕಂಬನನ್ನು ನೋಡಿ ಸುಮ್ಮನಾದಳು. ದೊಡ್ಡಕ್ಕ ಕೈಯಲ್ಲಿದ್ದ ಕಟ್ಟನ್ನು ಗಾಡಿಯ ಮೇಲಿಟ್ಟು, ಅಂಚು ಸರಿಮಾಡಿ, ಬೆನ್ನು ತಿರುಗಿಸಿಯೇ ನಿಂತು ಹೇಳಿದಳು. 'ನನಗೆ ಗೊತ್ತಿತ್ತು ಕಣೋ. ಭುಜಕ್ಕೆ ಆರಾಮಾಗಿತ್ತು, ಸುಮ್ಮನಿದ್ದೆ.' ಆಮೇಲೆ, 'ನಾನೂ ಹೋಗಿ ಹೇಳ್ಲಾ?' ಅಂದಳು.

'ಬೇಡ.'

'ಹೇಳ್ತೀನಿ ಬೇಕಾದ್ರೆ.'

'ಬೇಡಕ್ಕಾ. ಒಂದೇ ಜಾಗ ಇರೋದು ಅಲ್ಲಿ.'

ಅವಳು ತಿರುಗಲಿಲ್ಲ. ಅದೇ ಅಂಚನ್ನು ಮತ್ತೆ ಸರಿಮಾಡಿದಳು. ಭಾವ ಮೂಲೆಯ ಗೂಡಿನ ಹತ್ತಿರ ಹೋಗಿ ಬಗ್ಗಿ ಏನೋ ಹುಡುಕಿ, ಧೂಳು ಹಿಡಿದ ಒಂದು ಜೊತೆ ರಬ್ಬರ್ ಬೂಟು ತಂದು ಅವನ ಕಾಲ ಹತ್ತಿರ ಇಟ್ಟ.

'ನಾನೂ ಮೊದಲು ಎರಡು ವರ್ಷ ಅಲ್ಲೇ ಇದ್ದೆ' ಅಂದ. 'ನೆಲ ಜಾರುತ್ತೆ. ಇದು ಒಂಬತ್ತನೇ ನಂಬರು.'

'ನಂದು ಎಂಟು.'

'ಬಟ್ಟೆ ತುರುಕಿಕೋ' ಅಂದ ಭಾವ. 'ಎಡಗಾಲಿಂದು ಸ್ವಲ್ಪ ನೀರು ಬಿಡುತ್ತೆ. ಅದಕ್ಕೇನೂ ಮಾಡೋಕಾಗಲ್ಲ.'